ಪೋರ್ಟ್ ಹಿಡಿದು ಕೂತವರು ಯಾರು?

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದರೆ ಈ ಗೊಣಗಾಟ ನಿಮ್ಮ ಕಿವಿಗೂ ಬಿದ್ದಿರಬಹುದು: "ಅಪಾಚೆ ಸ್ಟಾರ್ಟೇ ಆಗ್ತಿಲ್ಲ, ಪೋರ್ಟ್ 80 ಬೇರೆ ಯಾರೋ ಹಿಡ್ಕೊಂಡಿದಾರಂತೆ!" ಅಪಾಚೆ ಅಂದರೆ ವೆಬ್ ಪುಟಗಳನ್ನು ಬ್ರೌಸರಿಗೆ ಕಳಿಸಿಕೊಡುವ ಪ್ರೋಗ್ರಾಂ, ಅಂದರೆ ವೆಬ್ ಸರ್ವರ್. ತಕ್ಷಣ ಮಾಡುವ ಕೆಲಸ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುವುದು. ಒಮ್ಮೊಮ್ಮೆ ಸರಿಹೋಗುತ್ತದೆ. ಆದರೆ ಹಿಡಿದದ್ದು ಯಾರು ಅಂತ ಗೊತ್ತಾಗುವುದೇ ಇಲ್ಲ, ನಾಳೆ ಮತ್ತೆ ಅದೇ ಗೋಳು.

ಪೋರ್ಟ್ ಅಂದರೆ ಬಸ್ ನಿಲ್ದಾಣದ ಪ್ಲಾಟ್‌ಫಾರಂ ನಂಬರ್ ಇದ್ದ ಹಾಗೆ. ನೆಟ್‌ವರ್ಕಿನಿಂದ ಬಂದದ್ದು ಯಾವ ಪ್ರೋಗ್ರಾಂಗೆ ಸೇರಬೇಕು ಅಂತ ಈ ನಂಬರ್ ನೋಡಿ ಗೊತ್ತಾಗುತ್ತದೆ. ಸೊನ್ನೆಯಿಂದ 65,535ರವರೆಗೆ ನಂಬರ್‌ಗಳಿವೆ. ವೆಬ್‌ಗೆ 80, ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ಗೆ 3306, ಹೀಗೆ ರೂಢಿ. ಒಬ್ಬರು ಕೂತ ಕಡೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಜಾಗವಿಲ್ಲ.

ಕೂತವರು ಯಾರು ಅಂತ ತಿಳಿಯಲು ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ನೆಟ್‌ಸ್ಟ್ಯಾಟ್, ಒಂದು ಸ್ಪೇಸ್, ಮೈನಸ್ ಗುರುತು, ಅದಕ್ಕೆ ಅಂಟಿಕೊಂಡು ಎ, ಎನ್, ಓ ಅಂತ ಟೈಪ್ ಮಾಡಿ. ಎಂಟರ್ ಒತ್ತಿದರೆ ಉದ್ದನೆಯ ಪಟ್ಟಿ ಓಡುತ್ತದೆ. ಗಾಬರಿ ಬೇಡ. ಎರಡನೇ ಕಾಲಂ ಮಾತ್ರ ನೋಡಿ, ಅದು ನಿಮ್ಮ ಕಂಪ್ಯೂಟರಿನದು. ಮೂರನೆಯದು ಆಚೆ ಬದಿಯವರದು. ಅಲ್ಲಿ 443 ಅಂತ ಸಾಲುಸಾಲಾಗಿ ಕಾಣಬಹುದು. ಅವೆಲ್ಲ ಹೆಚ್ಚಾಗಿ ನಿಮ್ಮ ಬ್ರೌಸರ್ ತೆರೆದಿರುವ ವೆಬ್‌ಸೈಟುಗಳು, ಸುಮ್ನೆ ಬಿಟ್ಟುಬಿಡಿ. ಎರಡನೇ ಕಾಲಂನಲ್ಲಿ ಕೋಲನ್ ಆದಮೇಲೆ 80 ಇದ್ದು, ಅದೇ ಸಾಲಿನಲ್ಲಿ 'ಲಿಸನಿಂಗ್' ಅಂತಿದ್ದರೆ ಸಿಕ್ಕಿತು. ಸಾಲಿನ ಕೊನೆಯ ಅಂಕಿಯೇ ಪಿಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೆ ಕಂಪ್ಯೂಟರ್ ಕೊಟ್ಟ ಗುರುತಿನ ನಂಬರ್. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಅದೇ ಅಂಕಿಯ ಎದುರು ಪ್ರೋಗ್ರಾಂ ಹೆಸರು ಇರುತ್ತದೆ.

ಆ ಅಂಕಿ 4 ಆಗಿದ್ದರೆ? ಕಳ್ಳ ಸಿಕ್ಕ ಅಂತ 'ಎಂಡ್ ಟಾಸ್ಕ್' ಒತ್ತಲು ಹೋಗಬೇಡಿ. 4 ಅಂದರೆ ಸಾಕ್ಷಾತ್ ವಿಂಡೋಸೇ. ಪೋರ್ಟ್ 80ರ ವಿಷಯದಲ್ಲಿ ಹೆಚ್ಚಾಗಿ ಇದರ ಹಿಂದಿರುವುದು ಮೈಕ್ರೋಸಾಫ್ಟಿನದೇ ವೆಬ್ ಸರ್ವರ್ ಐಐಎಸ್. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಿರುವ ಸರ್ವೀಸಸ್ ಪಟ್ಟಿಯಲ್ಲಿ 'ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವೀಸ್' ಅಂತಿದ್ದರೆ ಅದನ್ನು ನಿಲ್ಲಿಸಿ ನೋಡಿ.

ಆಪಲ್ ಮ್ಯಾಕ್‌ನಲ್ಲಿ ಇನ್ನೊಂದು ತಮಾಷೆ. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಫ್ಲಾಸ್ಕ್ ಕಲಿಯುವವರು ಪೋರ್ಟ್ 5000 ಬಳಸುತ್ತಾರೆ, ಅಲ್ವಾ? 2021ರಲ್ಲಿ ಬಂದ ಮಾಂಟೆರೇ ಆವೃತ್ತಿಯಿಂದ ಅದೇ ನಂಬರನ್ನು ಏರ್‌ಪ್ಲೇ ರಿಸೀವರ್, ಅಂದರೆ ಐಫೋನಿನ ವಿಡಿಯೋ, ಹಾಡನ್ನು ಮ್ಯಾಕ್‌ನಲ್ಲಿ ತೋರಿಸುವ ಸೌಲಭ್ಯ, ಹಿಡಿದಿದೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಓಎಫ್, ಸ್ಪೇಸ್, ಮೈನಸ್ ಐ, ಸ್ಪೇಸ್, ಕೋಲನ್ 5000 ಅಂತ ಕೊಟ್ಟರೆ, ಆ ರಿಸೀವರನ್ನು ನಡೆಸುವ 'ಕಂಟ್ರೋಲ್ ಸೆಂಟರ್' ಹೆಸರು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಅದನ್ನು ಕೊಂದರೆ ತಿರುಗಿ ಎದ್ದು ಬರುತ್ತದೆ! ಸೆಟ್ಟಿಂಗ್ಸ್‌ಗೆ ಹೋಗಿ ಏರ್‌ಪ್ಲೇ ರಿಸೀವರನ್ನೇ ಆಫ್ ಮಾಡಬೇಕು.

ಲಿನಕ್ಸ್‌ನವರು ಎಸ್‌ಎಸ್, ಸ್ಪೇಸ್, ಮೈನಸ್ ಟಿಎಲ್‌ಎನ್‌ಪಿ ಬಳಸಿ. ಅದರ ಶುರುವಿಗೆ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಸೇರಿಸುವುದು ಮರೆಯಬೇಡಿ, ಇಲ್ಲದಿದ್ದರೆ ಬೇರೆ ಬಳಕೆದಾರರ ಪ್ರೋಗ್ರಾಂಗಳ ಹೆಸರು ಕಾಣುವುದಿಲ್ಲ.

ಹೆಸರು ಸಿಕ್ಕಮೇಲೆ ಎಬ್ಬಿಸಲೇಬೇಕು ಅಂತೇನಿಲ್ಲ. ಕೂತಿರುವುದು ಡೇಟಾಬೇಸ್ ಆಗಿದ್ದರಂತೂ ಬಲವಂತ ಬೇಡ, ಬರೆಯುತ್ತಿದ್ದ ಕೆಲಸ ಅರ್ಧಕ್ಕೇ ನಿಂತೀತು. ನನ್ನನ್ನು ಕೇಳಿದರೆ, ನೀವೇ ಜಾಗ ಬದಲಿಸುವುದು ಜಾಸ್ತಿ ಸುಲಭ. ಅಪಾಚೆಯ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲಿನಲ್ಲಿ 'ಲಿಸನ್ 80' ಅಂತಿರುವುದನ್ನು 'ಲಿಸನ್ 8080' ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಬ್ರೌಸರಿನಲ್ಲಿ, ನಿಮ್ಮದೇ ಕಂಪ್ಯೂಟರಿನ ವಿಳಾಸವಾದ ಲೋಕಲ್‌ಹೋಸ್ಟ್ ಪಕ್ಕ ಕೋಲನ್ 8080 ಹಾಕಿದರೆ ನಿಮ್ಮ ಪುಟ ತೆರೆಯುತ್ತದೆ. ನಮಸ್ಕಾರ.