ಹರ್ದ ಹಾಳಿ, ಬಾಟ್ಲಿ, ಮತ್ತ ನಮ್ಮ ಮುತ್ಯಾನ ಗೌಡ

(ಗ್ರಂಥಾಲಯ ಸಪ್ತಾಹಕ್ಕ ಕಲಬುರಗಿಯ ಒಂದು ಹಾಸ್ಟೆಲ್ ಹಾಲ್‌ನಾಗ ಆಡಿದ ಮಾತು. ಮಾತಾಡಿದಂಗೇ ಬರ್ದೀನಿ, ತಿದ್ದಿಲ್ಲ.)

ಎಲ್ಲಾರಿಗೂ ಶರಣು ಶರಣಾರ್ಥಿ. ಹಿಂದ ಕುಂತವ್ರಿಗೆ ಕೇಳಸ್ಲತ್ತದೇನ್ರೀ? ಕೇಳಸಂಗಿಲ್ಲಂದ್ರ ಮುಂದ ಬರ್ರಿ, ಇಲ್ಲಿ ಕುರ್ಚಿ ಖಾಲಿ ಅವ. ಬರಂಗಿಲ್ಲ ಬಿಡ್ರಿ, ನನಗ ಗೊತ್ತದ, ಚಹಾದ ಟೇಬಲ್ ಹಿಂದೇ ಅದ.

ನನಗ 20 ನಿಮಿಷ ಕೊಟ್ಟಾರ. ನಾ ಸಾಹಿತ್ಯದವ ಅಲ್ಲ, ಬಿಎಸ್ಸಿ ಎರಡ್ನೇ ವರ್ಷ. ಚೀಟಿ ಮ್ಯಾಲ ನಾಕು ಪಾಯಿಂಟ್ ಬರ್ಕೊಂಡು ಬಂದೀನಿ ಖರೆ, ಆದ್ರ ಈಗ ನನಗಿಂತ ಮೊದ್ಲು ಮಾತಾಡಿದ ಸರ್ ಒಂದು ಮಾತಂದ್ರಲ್ಲ, ಕಾಂಪಿಟೇಟಿವ್ ಎಕ್ಸಾಮ್ ಬರ್ಯೋ ವಯಸ್ಸಿನಾಗ ಪತ್ತೇದಾರಿ, ಡಿಸ್ಟೋಪಿಯಾ (ಅಂದ್ರ ಮುಂದ ಲೋಕ ಹೆಂಗ ಕೆಟ್ಟು ಹೋಗ್ಬಹುದು ಅಂತ ಹೇಳೋ ಕತಿ), ಇವೆಲ್ಲಾ ಓದೋದು ಟೈಂಪಾಸ್ ಅಂತ, ಅದು ಹೊಟ್ಟ್ಯಾಗ ಕುಂತುಬಿಟ್ಟದ. ಸರ್ ಮ್ಯಾಲ ಗೌರವ ಅದ, ಸರ್ ನಕ್ಲತ್ತಾರ ನೋಡ್ರಿ, ಆದ್ರ ನಾ ಒಪ್ಪಂಗಿಲ್ಲ ಸರ್. ಯಾಕ ಒಪ್ಪಂಗಿಲ್ಲ ಅಂತ ಹೇಳ್ಬೇಕಂದ್ರ ನನ್ನ ಮಾನ ಹೋದ ಕತಿಯಿಂದ್ಲೇ ಶುರು ಮಾಡ್ಬೇಕಾಗ್ತದ.

ಸೆಕೆಂಡ್ ಪಿಯುಸಿ ಇದ್ದಾಗ ನಮ್ಮೂರ ಲೈಬ್ರರಿಯಿಂದ ಅಗಾಥಾ ಕ್ರಿಸ್ಟಿ ಅಂತ ಇಂಗ್ಲೆಂಡಿನ ಪತ್ತೇದಾರಿ ಲೇಖಕಿದು ಒಂದು ಕಾದಂಬರಿ ತಂದಿದ್ದೆ, 'ಅಂಡ್ ದೆನ್ ದೇರ್ ವರ್ ನನ್'. 1939ರಾಗ ಬಂದದ್ದು. ನಾ ಇಂಗ್ಲಿಷ್‌ನಾಗ ಓದಿದ ಮೊದಲ್ನೇ ಕಾದಂಬರಿ ಅದೇ, ಒಂದು ಕೈಯಾಗ ಪುಸ್ತಕ ಒಂದು ಕೈಯಾಗ ಡಿಕ್ಷನರಿ, ಮೂರು ವಾರ ತಗೊಂಡ್ತು. ನಿಮಗ ಗೊತ್ತಿರ್ಬೇಕು, ಹತ್ತು ಮಂದಿ ಒಂದು ದ್ವೀಪಕ್ಕ ಬರ್ತಾರ, ವಾಪಸ್ ಹೋಗ್ಲಾಕ ದೋಣಿ ಇಲ್ಲ, ಒಬ್ಬೊಬ್ಬರೇ ಸಾಯ್ತಾರ, ಕಡೀಕ ಒಬ್ರೂ ಉಳ್ಯಂಗಿಲ್ಲ. ಆಮ್ಯಾಲ ಲಂಡನ್‌ನಾಗ ಇಬ್ರು ಪೊಲೀಸ್ ಆಫೀಸರ್ ಕುಂತು ಲೆಕ್ಕಾ ಹಾಕ್ತಾರ, ಇವ ಕೊಂದಿರ್ಬೇಕಂದ್ರ ಅದು ಕೂಡಂಗಿಲ್ಲ, ಅಕಿ ಕೊಂದಿರ್ಬೇಕಂದ್ರ ಇದು ಕೂಡಂಗಿಲ್ಲ, ಹಂಗಾದ್ರ ಕೊಂದವ್ರು ಯಾರು ಅಂತ ದೊಡ್ಡ ಸಾಹೇಬ ಕೇಳ್ತಾನ. ಅಲ್ಲಿಗೆ ಪುಸ್ತಕ ಮುಗೀತು.

ನಾ ಪುಸ್ತಕ ಮುಚ್ಚಿ ರಾತ್ರಿ ಒಂದು ಗಂಟೆಗೆ ಮಾಳಿಗಿ ಮ್ಯಾಲ ಅಡ್ಡಾಡ್ದೆ. ಏನ್ ಧೈರ್ಯ ಅಂತೀನಿ ಆ ಹೆಣ್ಮಗಳಿಗೆ! ಇಷ್ಟೆಲ್ಲಾ ಓದಿಸಿ ಉತ್ತರನೇ ಕೊಟ್ಟಿಲ್ಲ. ಎರಡು ವರ್ಷ, ಸುಳ್ಳಲ್ಲ, ಎರಡು ವರ್ಷ ನಾ ಸಿಕ್ಕ ಸಿಕ್ಕವರಿಗೆ ಇದನ್ನೇ ಹೇಳ್ಕೋತ ತಿರಗ್ದೆ. ಜೀವನದಾಗ ಎಲ್ಲಾಕ್ಕೂ ಉತ್ತರ ಇರಂಗಿಲ್ಲ, ಈಕಿ ಅದನ್ನ ತೋರ್ಸ್ಯಾಳ, ಅಂತ. ಕಾಲೇಜ್ ಮ್ಯಾಗಝೀನ್‌ಗೆ ಒಂದು ಪುಟ ಬರ್ದು ಕೊಟ್ಟಿದ್ದೆ. ಪುಣ್ಯಾಕ್ಕ ಛಾಪಾ ಆಗಲಿಲ್ಲ.

ಇಲ್ಲಿ ಹಾಸ್ಟೆಲ್‌ಗೆ ಬಂದ ಮ್ಯಾಲ ಬೀದರಿನ ಒಬ್ಬ ಗೆಳೆಯನ ಮುಂದ ಹಿಂಗೇ ಭಾಷಣ ಬಿಗಿಲತ್ತಿದ್ದೆ. ಅವ ಸುಮ್ನ ಕೇಳಿ, "ಯಾಕಲೇ, ನೀ ಬಾಟ್ಲಿ ಓದಿಲ್ಲೇನು?" ಅಂದ. ಯಾವ ಬಾಟ್ಲಿ ಅಂದೆ. ಹಾಸ್ಟೆಲ್‌ನಾಗ ಬಾಟ್ಲಿ ಅಂದ್ರ ಬ್ಯಾರೇನೇ ಅರ್ಥ ಅದ (ವಾರ್ಡನ್ ಸರ್ ಮುಂದೇ ಕುಂತಾರ, ಇಷ್ಟಕ್ಕ ಬಿಡ್ತೀನಿ). ಆ ಇಬ್ರು ಪೊಲೀಸರ ಮಾತು ಆದ ಮ್ಯಾಲ ಇನ್ನಾ ಕೆಲವು ಪುಟ ಅವ ಅಂತ್ರೀ. ಕೊಲೆಗಾರ ತಾನೇ ಎಲ್ಲಾ ಬರ್ದು, ಬಾಟ್ಲ್ಯಾಗ ಹಾಕಿ, ಸಮುದ್ರಕ್ಕ ಒಗದಿರ್ತಾನ, ಮೀನಿನ ದೋಣಿಯವ್ರಿಗೆ ಅದು ಸಿಗ್ತದ. ನಾ ಓದಿದ ಪ್ರತಿಯಾಗ ಆ ಹಾಳಿ ಯಾರೋ ಹರ್ದಿದ್ರು! ನಾ ಎರಡು ವರ್ಷ ಹೊಗಳಿದ್ದು ಅಗಾಥಾ ಕ್ರಿಸ್ಟೀನ್ನಲ್ಲ, ಹಾಳಿ ಹರ್ದ ಮನಷಾನ್ನ.

ನಗ್ರಿ ನಗ್ರಿ. ನಮ್ಮ ಮುತ್ಯಾನೂ, ಅಂದ್ರ ನಮ್ಮ ಅಜ್ಜ, ಹಿಂಗೇ ನಕ್ಕಿದ್ದ.

ಮುತ್ಯಾನ ಕತಿ ಹೇಳ್ಲೇಬೇಕು. ಅವ ವಾಡಿ ಜಂಕ್ಷನ್ ಹೊರಗ ಚಹಾ, ಮಿರ್ಚಿ ಭಜಿ ಅಂಗಡಿ ಇಟ್ಟಿದ್ದ. ರೈಲಿನವ್ರು ಓದಿ ಬಿಟ್ಟು ಹೋದ ಪುಸ್ತಕ ಎಲ್ಲಾ ಅವನ ಅಂಗಡಿಗೆ ಬರ್ತಿದ್ವು. ಎನ್. ನರಸಿಂಹಯ್ಯ ಅವ್ರ ಪತ್ತೇದಾರ ಪುರುಷೋತ್ತಮ ಅಂದ್ರ ಜೀವಾ ಬಿಡ್ತಿದ್ದ. ಆದ್ರ ಭಜಿ ಕಟ್ಲಾಕ ಹಾಳಿ ಬೇಕಲ್ಲ? ಹಿಂದಿನ ಪುಟದಿಂದ ಹರೀತಿದ್ದ. ಮೊದ್ಲಿಂದ ಹರದ್ರ ಓದೋದು ಹೆಂಗ ಅಂತ ಅವನ ಲಾಜಿಕ್ಕು. ಹಂಗಾಗಿ ಮುತ್ಯಾ ಮುಗದ ಕಾದಂಬರಿ ಓದಿದ್ದೇ ಕಡಿಮಿ, ಕಡೀಗೆ ಯಾರು ಸಿಕ್ಕಿಬಿದ್ರು ಅಂತ ತಾನೇ ಹೇಳ್ಕೋತಿದ್ದ. ಮತ್ತ ಯಾವ ಕತಿ ಇರ್ಲಿ, ಅವಂದು ಒಂದೇ ಉತ್ತರ: "ಗೌಡನೇ ಮಾಡ್ಯಾನ ಬಿಡು." ಬೆಂಗಳೂರಿನ ಕತಿ ಇರ್ಲಿ, ಬಾಂಬೇದು ಇರ್ಲಿ, ಅಲ್ಲಿ ಯಾರು ಗೌಡ ಅಂತ ಹುಡಕ್ತಿದ್ದ. ಮಾತಾಡಿದ್ರ ಎಲ್ಲಾರೂ ಸುಮ್ನಾಗೋರು ಯಾರು, ಅವನೇ ಗೌಡ.

ಆ ದ್ವೀಪದ ಕತೀನೂ ಅವನಿಗೆ ಹೇಳಿದ್ದೆ, ಹಾಳಿ ಹರ್ದದ್ದು ನನಗ ಗೊತ್ತಾಗೋಕಿಂತ ಮೊದ್ಲೇ. ಹತ್ತೂ ಮಂದಿದು ಉದ್ಯೋಗ ಕೇಳ್ದ, ಡಾಕ್ಟರ್, ಟೀಚರ್, ಮಿಲಿಟ್ರಿಯವ, ಜಡ್ಜ್, ಅಡಗಿಯಾಕಿ, ಹಿಂಗ ಒಂದೊಂದೇ. ಬೀಡಿ ಹಚ್ಚಿ ಒಬ್ರ ಹೆಸ್ರು ಹೇಳ್ದ. ಅವರೂ ಸತ್ತಾರಲ್ಲೋ ಮುತ್ಯಾ ಅಂದೆ. "ಸತ್ರ ಏನಾತು, ಗೌಡ್ರ ಆಟ ನಿನಗ ಗೊತ್ತಿಲ್ಲ" ಅಂದ. ಎರಡು ವರ್ಷ ಆದ ಮ್ಯಾಲ ಬಾಟ್ಲಿ ಪುಟ ಓದ್ದೆ. ಮುತ್ಯಾ ಹೇಳಿದ್ದು ಬರೋಬ್ಬರಿ ಇತ್ತು. ಯಾರು ಅಂತ ಹೇಳಂಗಿಲ್ಲ, ಓದ್ರಿ.

ಎಷ್ಟಾಯ್ತು ಟೈಮು? ಹನ್ನೊಂದು ನಿಮಿಷಾ? ಅಯ್ಯೋ, ನಾ ಇನ್ನಾ ಮೊದಲ್ನೇ ಪಾಯಿಂಟಿಗೇ ಬಂದಿಲ್ಲ.

ಪಾಯಿಂಟ್ ಏನಂದ್ರ '1984'. ಜಾರ್ಜ್ ಆರ್ವೆಲ್, ಬಿಹಾರದ ಮೋತಿಹಾರಿಯಾಗ ಹುಟ್ಟಿದವ, ಪುಸ್ತಕ ಬಂದದ್ದು 1949ಕ್ಕ. ಅದನ್ನ ಓದಿದಾಗ ಎಲ್ಲಾರೂ ಹೇಳೋದು ಟೆಲಿಸ್ಕ್ರೀನ್, ಅಂದ್ರ ಮನಿಮನ್ಯಾಗ ಸರ್ಕಾರ ಇಟ್ಟ, ನಮ್ಮನ್ನೇ ನೋಡೋ ಟಿವಿ, ಅದರ ಹೆದರಿಕಿ, ಯಾರೋ ನೋಡ್ಲತ್ತಾರ ಅನ್ನೋದು. ಖರೆ ಹೇಳ್ಬೇಕಂದ್ರ ನನಗ ಅದು ಅಷ್ಟೇನ್ ಅನಿಸ್ಲಿಲ್ಲ, ಹಾಸ್ಟೆಲ್‌ನಾಗ ಇದ್ದವಗ ಯಾರೋ ನೋಡೋದು ಹೊಸಾದೇನ್ರೀ? ನನಗ ಮೈ ಝುಂ ಅಂದದ್ದು ಕತಿ ನಾಯಕ ವಿನ್‌ಸ್ಟನ್‌ನ ನೌಕ್ರಿ. ಸತ್ಯದ ಖಾತೆ ಅಂತ ಅದರ ಹೆಸ್ರು, ಅಲ್ಲಿ ಕುಂತು ಹಳೇ ಪೇಪರ್ ತಿದ್ದೋದು ಅವನ ಕೆಲ್ಸ. ಸರ್ಕಾರ ನಿನ್ನೆ ಒಂದು ಹೇಳಿ ಇವತ್ತು ಬ್ಯಾರೆ ಆದ್ರ, ನಿನ್ನೆದ ಪೇಪರ್ರೇ ಬದಲಿ ಮಾಡಿ, ಹಳೇದನ್ನ ಗೋಡಿ ತೂತಿನಾಗ ಹಾಕಿ ಸುಡೋದು. ಉಲ್ಟಾ ಪತ್ತೇದಾರ ಅವ! ಪುರುಷೋತ್ತಮ ಸುಳಿವು ಹುಡುಕ್ತಾನ, ಇವ ದಿನಾ ಪಗಾರ ತಗೊಂಡು ಸುಳಿವು ಸುಡ್ತಾನ. ಒಂದ್ಸಲ ಅವನ ಕೈಗೇ ಒಂದು ಫೋಟೋ ಬರ್ತದ, ಮೂರು ಮಂದಿ ನಾವು ತಪ್ಪು ಮಾಡೀವಿ ಅಂತ ಒಪ್ಕೊಂಡಿದ್ದೇ ಸುಳ್ಳು ಅಂತ ತೋರ್ಸೋ ಫೋಟೋ, ಆ ದಿನ ಅವ್ರು ಇದ್ದಿದ್ದೇ ಬ್ಯಾರೆ ಕಡಿ. ಯಾವ ಪತ್ತೇದಾರಿ ಕಾದಂಬರ್ಯಾಗ ಆದ್ರೂ ಇಲ್ಲಿಗೆ ಕೇಸ್ ಖಲ್ಲಾಸ್. ವಿನ್‌ಸ್ಟನ್ ಏನ್ ಮಾಡ್ತಾನ? ಹತ್ತು ನಿಮಿಷ ಇಟ್ಕೊಂಡು, ಬೆವತು, ತೂತಿನಾಗ ಹಾಕ್ತಾನ. ನಾ ಅಲ್ಲಿ ಪುಸ್ತಕ ಕೆಳಗಿಟ್ಟೆ, ಎರಡು ದಿನ ಮುಟ್ಲಿಲ್ಲ. ಅವನ ಮ್ಯಾಲ ಸಿಟ್ಟು ಬಂತು, ಆಮ್ಯಾಲ ನಾನಿದ್ರ ಏನ್ ಮಾಡ್ತಿದ್ದೆ ಅಂತ ಬಂತು, ಅದು ಇನ್ನಾ ಕೆಟ್ಟ.

ರಜಾಕ್ಕ ಹೋದಾಗ ಇದನ್ನೂ ಮುತ್ಯಾಗ ಹೇಳ್ದೆ. ಪೂರಾ ಕೇಳ್ದ. ಮೊದಲ್ನೇ ಪುಟದಾಗೇ ಗೋಡಿ ಗೋಡಿಗೆ ದೊಡ್ಡ ಮೀಸಿ ಮನಷಾನ ಫೋಟೋ ಅಂಟಿಸಿರ್ತಾರ ಅಂತ ಹೇಳಿದ್ನಲ್ಲ, ಅದನ್ನೇ ಹಿಡ್ಕೊಂಡ. "ಏ ತಮ್ಮಾ, ಇದ್ರಾಗ ಪತ್ತೆ ಹಚ್ಚೋದೇನದ? ಗೌಡನ ಫೋಟೋ ಮೊದಲ್ನೇ ಹಾಳ್ಯಾಗೇ ಹಚ್ಯಾರಲ್ಲ!" ಅಂದ.

ನಾ ಇದ್ರ ಮ್ಯಾಲ ಇಂಟರ್ನೆಟ್‌ನಾಗ ಎಷ್ಟೋ ವಿಡಿಯೋ ನೋಡೀನಿ, ಇಷ್ಟು ಸೀದಾ ಯಾರೂ ಹೇಳಿಲ್ಲ. ಪತ್ತೇದಾರಿ ಕತ್ಯಾಗ ಗೌಡ ಕಡೀ ಪುಟದ ತನಕ ಅಡಗಿ ಕುಂತಿರ್ತಾನ, ಯಾಕಂದ್ರ ಅವಗ ಸಿಕ್ಕಿಬೀಳೋ ಹೆದರಿಕಿ ಅದ. ಡಿಸ್ಟೋಪಿಯಾದಾಗ ಅವಗ ಹೆದರಿಕಿ ಇಲ್ಲ, ಸುಳಿವೆಲ್ಲಾ ಅವನ ಕೈಯಾಗೇ ಅವ. ಪತ್ತೇದಾರಿ ನಿಂತದ್ದೇ ಒಂದು ನಂಬಿಕಿ ಮ್ಯಾಲ: ಇನ್ನೊಂದು ಪ್ರತಿ ಎಲ್ಲೋ ಅದ. ನನ್ನ ಪುಸ್ತಕದಾಗ ಹಾಳಿ ಹೋದ್ರೂ ಬೀದರಿನವನ ಪುಸ್ತಕದಾಗ ಇತ್ತು ನೋಡ್ರಿ.

ನಮ್ಮ ಕಲಬುರಗಿ ಜಿಲ್ಲಾದ ಸನ್ನತಿ ನೋಡ್ರಿ, ಎಷ್ಟು ಮಂದಿ ಹೋಗೀರಿ? ಚಂದ್ರಲಾಂಬಾ ದರ್ಶನಕ್ಕಂತೂ ಹೋಗಿರ್ತೀರಿ. ಅಲ್ಲೇ ಇದ್ದ ಕಾಳಮ್ಮನ ಗುಡಿ ಛತ್ತು 1986ರಾಗ ಕುಸೀತು, ಮೂರ್ತಿ ಹೋಯ್ತು, ಮೂರ್ತಿ ಕೆಳಗ ಪೀಠಕ್ಕಂತ ಹಾಕಿದ್ದ ಕಲ್ಲು ನೋಡಿದ್ರ ಅಶೋಕನ ಶಾಸನ! ನಡುವ ಮೂರ್ತಿ ಕೂಡ್ಸ್ಲಾಕ ಚೌಕಾಗಿ ತೂತು ಕೊರ್ದಾರ, ಅಲ್ಲಿದ್ದಷ್ಟೂ ಅಕ್ಷರ ಹೋಗ್ಯಾವ. ಕೊರ್ದವ ಬೇಕಂತ ಮಾಡಿಲ್ಲ ಬಿಡ್ರಿ, ಅವನಿಗೆ ಅದು ಬರೀ ಚಲೋ ಕಲ್ಲು, ಮುತ್ಯಾಗ ಭಜಿ ಹಾಳಿ ಇದ್ದಂಗ. ಆದ್ರ ಅದ್ರಾಗಿನ ಎರಡು ಶಾಸನ ಒಡಿಶಾದ ಧೌಲಿ, ಜೌಗಡದಾಗೂ ಅವ. ಒಂದೇ ಮಾತು ಮೂರು ಕಡಿ ಕೆತ್ಸ್ಯಾನ ಪುಣ್ಯಾತ್ಮ. ಇಲ್ಲಿ ತೂತು ಬಿದ್ರ ಅಲ್ಲಿ ಓದ್ಬಹುದು. ವಿನ್‌ಸ್ಟನ್‌ಗ ಧೌಲಿ ಇಲ್ಲ. ನಮ್ಮೂರ ಹೆಸ್ರೇ ತಗೊಳ್ರಿ, 2014ರ ನವೆಂಬರ್ 1ಕ್ಕ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು, ಚಲೋನೇ ಆಯ್ತು, ಆದ್ರ ಮುತ್ಯಾನ ಹಳೇ ರೇಷನ್ ಕಾರ್ಡಿನಾಗ ಗುಲಬರ್ಗಾ ಅಂತೇ ಅದ, ಯಾರೂ ಮನಿಗೆ ಬಂದು ಅದನ್ನ ಸುಟ್ಟಿಲ್ಲ.

ಸರ್ ಚೀಟಿ ಕಳ್ಸ್ಯಾರ, ಎರಡು ನಿಮಿಷ ಅಂತ. ಉಳ್ದ ಮೂರು ಪಾಯಿಂಟ್ ಓಡ್ತೀನಿ. ಹಕ್ಸ್‌ಲಿ, 'ಬ್ರೇವ್ ನ್ಯೂ ವರ್ಲ್ಡ್', 1932. ಆರ್ವೆಲ್ ಸಾಲ್ಯಾಗಿದ್ದಾಗ ಹಕ್ಸ್‌ಲಿ ಅವಗ ಫ್ರೆಂಚ್ ಕಲಿಸಿದ ಮಾಸ್ತರ. ಆ ಪುಸ್ತಕದ ಲೋಕದಾಗ ಯಾರೂ ಹಾಳಿ ಹರ್ಯೋ ಜರೂರತ್ತೇ ಇಲ್ಲ, ಸೋಮಾ ಅಂತ ಗುಳಿಗಿ ನುಂಗಿ ಎಲ್ಲಾರೂ ಖುಷಿ ಹಾರ, ಓದೋರೇ ಇಲ್ಲ. ನಾ ಅದನ್ನ ಓದ್ಲತ್ತಾಗ ನಡುನಡುವ ರೀಲ್ಸ್ ನೋಡಿ ಒಂದು ತಿಂಗಳು ಮಾಡೀನಿ, ಹಂಗಾಗಿ ಜಾಸ್ತಿ ಮಾತಾಡಂಗಿಲ್ಲ. ಬ್ರ್ಯಾಡ್‌ಬರಿ, 'ಫ್ಯಾರನ್‌ಹೀಟ್ 451', 1953, ಪುಸ್ತಕ ಸುಡೋ ಫೈರ್‌ಮನ್ ಕತಿ, ನಮ್ಮೂರ ಮೇ ತಿಂಗಳಾಗ ಅವ್ರು ಬರೋ ಗರಜೂ ಇಲ್ಲ ಪುಸ್ತಕ ತಾವೇ ಹೊತ್ತಾವ. ಆದ್ರ ಕಡೀಗೆ ಒಬ್ಬೊಬ್ರು ಒಂದೊಂದು ಪುಸ್ತಕ ಬಾಯಿಪಾಠ ಮಾಡ್ಕೊಂಡು ಕಾಡಿನಾಗ ಅಡ್ಡಾಡ್ತಾರಲ್ಲ, ಮನಷಾನೇ ಇನ್ನೊಂದು ಪ್ರತಿ, ಅಲ್ಲಿ ನಾ ಅತ್ತೆ. ತೇಜಸ್ವಿಯವ್ರ 'ಚಿದಂಬರ ರಹಸ್ಯ' ಬಗ್ಗೆ ಅರ್ಧ ತಾಸು ಬೇಕಿತ್ತು, ಪತ್ತೇದಾರಿ ಅಂತ ಶುರುವಾಗಿ ಊರಿಗೆ ಊರೇ ಹೊತ್ತಿ ಉರ್ಯೋ ಕತಿ, ಪತ್ತೇದಾರಿ, ಡಿಸ್ಟೋಪಿಯಾ ಎರಡೂ ಒಂದರಾಗೇ ಕೂಡ್ಯಾವ, ಮುಂದಿನ ವರ್ಷ ಕರೀರಿ ಹೇಳ್ತೀನಿ.

ಕಡೀದು ಒಂದೇ ಮಾತು ಸರ್. ಬೀದರಿನವನ ಪುಸ್ತಕದಿಂದ ಆ ಬಾಟ್ಲಿ ಪುಟ ಅಷ್ಟೂ ಝೆರಾಕ್ಸ್ ಮಾಡ್ಸಿ, ಊರಿಗೆ ಹೋದಾಗ ಆ ಲೈಬ್ರರಿ ಪುಸ್ತಕಕ್ಕ ಫೆವಿಕಾಲ್ ಹಚ್ಚಿ ಅಂಟ್ಸಿ ಬಂದಿದ್ದೆ. ಹೋದ ವಾರ ಮತ್ತ ಹೋಗಿ ನೋಡ್ದೆ, ಹಾಳಿ ಹಂಗೇ ಅವ, ಯಾರೂ ಮುಟ್ಟಿಲ್ಲ. ಆದ್ರ ಮೊದಲ್ನೇ ಪುಟದಾಗ, ಎಲ್ಲಾಕ್ಕಿಂತ ಮ್ಯಾಲ, ಯಾರೋ ಪೆನ್ಸಿಲ್‌ಲೇ ಕೊಲೆಗಾರನ ಹೆಸ್ರು ಬರ್ದಾರ. ಖರೇನೇ ಬರ್ದಾರ. ಆ ಪುಸ್ತಕ ಈಗ ನನ್ನ ಬ್ಯಾಗ್‌ನಾಗೇ ಅದ, ರಬ್ಬರೂ ಅದ, ಅಳಸ್ಲೋ ಬ್ಯಾಡೋ ಅಂತ ಒಂದು ವಾರದಿಂದ ಕುಂತೀನಿ.