ಗುಡ್ಡದ ಹೊಟ್ಟೆಯಲ್ಲಿ ಎಷ್ಟು ನೀರು?

ಕೇಳುಗರಿಗೆ ನಮಸ್ಕಾರ.

2024ರ ಜುಲೈ 16, ಪುನರ್ವಸು ಮಳೆಯ ದಿನಗಳು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ಎದ್ದ ನೀರು ಆಚೆ ದಡದ ಉಳುವರೆ ಊರಿಗೂ ನುಗ್ಗಿತು. ಅದಕ್ಕೂ ಮೊದಲು, 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ. ಆಕಾಶದಿಂದ ಎಷ್ಟು ಮಳೆ ಬಿತ್ತು ಅನ್ನುವುದನ್ನು ಅಳೆಯುತ್ತೇವೆ. ಗುಡ್ಡದ ಹೊಟ್ಟೆಯಲ್ಲಿ ಎಷ್ಟು ನಿಂತಿತು ಅನ್ನುವುದನ್ನೂ ಅಳೆಯಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಭೂವಿಜ್ಞಾನ ಮುಂದೆ ಕೈಹಾಕಬೇಕಾದ ಮೊದಲ ಕೆಲಸ ಇದು.

ರಸ್ತೆಗೆಂದು ಗುಡ್ಡ ಕಡಿದ ಕಡೆ ನೋಡಿ. ಮೇಲೆ ತೂತು ತೂತಾದ ಚಿರೇಕಲ್ಲು, ನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ಅದರಡಿ ಬಿಳಿ, ನಸುಗೆಂಪು ಶೇಡಿಮಣ್ಣು. ಒಣಗಿದಾಗ ಗಟ್ಟಿ, ನೆನೆದಾಗ ಬೆರಳಲ್ಲಿ ಒತ್ತಿದರೆ ಜಾರುತ್ತದೆ. ಇಳಿದ ನೀರು ಇಲ್ಲಿ ತಡೆದು ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ, ಒಂದಕ್ಕೊಂದು ಇದ್ದ ಹಿಡಿತ ಸಡಿಲುತ್ತದೆ. ಬುಡ ಕಡಿದಿದ್ದರೆ ಆನಿಕೆಯೂ ಇಲ್ಲ. ಒತ್ತಡ ಏರಲು ಹೊತ್ತು ಬೇಕು. ಮಳೆ ಹೊಳವಾದ ಮೇಲೂ ಗುಡ್ಡ ಕುಸಿಯುವುದು ಅದಕ್ಕೇ.

ಈ ಒತ್ತಡ ಅಳೆಯುವ ಸಾಧನ ಪೀಜೋಮೀಟರ್. ಕೊರೆದ ರಂಧ್ರದಲ್ಲಿ ಅದನ್ನು ಶೇಡಿಮಣ್ಣಿನ ಮಟ್ಟಕ್ಕೆ ಇಳಿಸಿ, ಸುತ್ತ ಮರಳು ತುಂಬಿ, ಮೇಲೆ ಬೆಂಟೋನೈಟ್ ಜೇಡಿಯಿಂದ ಬಿಗಿಯಾಗಿ ಮುಚ್ಚಬೇಕು. ಎಡವಟ್ಟಾಗುವುದು ಈ ಮುಚ್ಚುವುದರಲ್ಲೇ. ಸಂದು ಉಳಿದರೆ ಮಳೆನೀರು ರಂಧ್ರದ ಗೋಡೆಗುಂಟ ನೇರ ಇಳಿದು, ಗುಡ್ಡದಲ್ಲಿ ಇಲ್ಲದ ಒತ್ತಡವನ್ನು ತೋರಿಸುತ್ತದೆ.

ಮೇಲಿನಿಂದ ನೋಡುವ ಕಣ್ಣೂ ಈಗ ಬಂದಿದೆ. ಇಸ್ರೋ, ನಾಸಾ ಸೇರಿ ಕಟ್ಟಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ. ಎರಡು ಸಲದ ರೇಡಾರ್ ಅಲೆಗಳನ್ನು ತಾಳೆ ಹಾಕಿದರೆ ನೆಲ ಸೆಂಟಿಮೀಟರಿನಷ್ಟು ಸರಿದದ್ದೂ ತಿಳಿಯುತ್ತದೆ. ಬೇರೆ ಕೆಲವು ಉಪಗ್ರಹಗಳಲ್ಲಿರುವ 5.6 ಸೆಂ.ಮೀ. ಉದ್ದದ ಅಲೆಯ ರೇಡಾರ್ ನಮ್ಮ ಕಾಡಿನ ಎಲೆಗಳಲ್ಲೇ ಸಿಕ್ಕಿಕೊಳ್ಳುತ್ತದೆ. ನಿಸಾರಿನ 24 ಸೆಂ.ಮೀ. ಅಲೆ ಎಲೆ ದಾಟಿ ಒಳಗಿಳಿಯುತ್ತದೆ. ಆದರೂ ರೇಡಾರ್ ಓರೆಯಾಗಿ ನೋಡುವುದರಿಂದ ಕಡಿದಾದ ಘಟ್ಟದ ಕೆಲವು ಮಗ್ಗುಲು ಮರೆಯಾಗುತ್ತವೆ. ಮಳೆಗಾಲದ ನೀರಾವಿ ಅಲೆಯನ್ನು ತಡಮಾಡಿ, ನೆಲವೇ ಸರಿದಂತೆ ತೋರಿಸುತ್ತದೆ. ಏಕಾಏಕಿ ಕುಸಿಯುವುದನ್ನು ಅದು ಮುಂಚೆ ಹೇಳಲಾರದು. ತಿಂಗಳುಗಟ್ಟಲೆ ಮೆಲ್ಲಗೆ ತೆವಳುವ ಗುಡ್ಡವನ್ನು ಗುರುತಿಸಬಲ್ಲದು. ಪೀಜೋಮೀಟರ್ ಎಲ್ಲಿ ಇಳಿಸಬೇಕೆಂದು ಗೊತ್ತುಮಾಡಲು ಅಷ್ಟು ದೊಡ್ಡ ನೆರವು.

ಇನ್ನು ಮಳೆಯ ಲೆಕ್ಕ. ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಬರೆದುಕೊಳ್ಳುತ್ತಾರೆ. 200 ಮಿ.ಮೀ. ಇಡೀ ದಿನ ಬಿತ್ತೋ, ಮೂರೇ ತಾಸಿನಲ್ಲಿ ಸುರಿಯಿತೋ, ಗುಡ್ಡದ ಪಾಲಿಗೆ ಅಜಗಜಾಂತರ. 15 ನಿಮಿಷಕ್ಕೊಮ್ಮೆ ದಾಖಲಿಸುವ ಮಾಪಕ ಕಣಿವೆಗೊಂದರಂತೆ ಬೇಕು. ಆದರೆ ಅದರ ಆಲಿಕೆಯಲ್ಲಿ ಒಂದು ಎಲೆ ಕೂತರೂ ಲೆಕ್ಕ ಕೆಟ್ಟಿತು. ತೋಟದೊಳಗೆ ಇಡಲೇಬಾರದು, ಅಡಿಕೆ ಸೋಗೆಯ ಹನಿ ಸೇರಿಕೊಳ್ಳುತ್ತದೆ. ಮರವೋ ಮನೆಯೋ, ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಲಿ.

ಗುಡ್ಡದ ಬುಡದಲ್ಲಿರುವವರು ಬಾವಿಯ ನೀರಿನ ಮಟ್ಟವನ್ನು ಅಡಿಗೊಂದು ಗಂಟು ಹಾಕಿದ ಹಗ್ಗದಿಂದ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಸಂಶೋಧಕರಿಗೆ ಅದು ಬೇಕಾದ ಮಾಹಿತಿ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನಿಂತುಹೋದರೆ, ಗುಡ್ಡದ ನೆತ್ತಿಯಲ್ಲಿ ಬಿರುಕು ಕಂಡರೆ ಅಳೆಯುತ್ತ ಕೂರಬೇಡಿ. ಮನೆಮಂದಿಯನ್ನೆಲ್ಲ ಗುಡ್ಡದಿಂದ ದೂರ ಕರೆದೊಯ್ದು, ಆಮೇಲೆ 112ಕ್ಕೆ ಫೋನ್ ಮಾಡಿ.