ದಾರ ಅರ್ಧ ಮಾಡಿದರೆ ಸಮಯವೂ ಅರ್ಧವೇ?

ಕೇಳುಗರಿಗೆ ನಮಸ್ಕಾರ.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸರಳ ಲೋಲಕ ನೆನಪಿರುತ್ತದೆ. ದಾರ, ಗುಂಡು, ಸ್ಟಾಪ್‌ವಾಚ್. ಗುರುತ್ವದ ಬಲ ಹೇಳುವ ಸಂಖ್ಯೆ (g), ಅಂದರೆ ಉತ್ತರ, 9.8 ಬರಲೇಬೇಕು. ಬರದಿದ್ದರೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ತುಂಬುವವರೂ ಇದ್ದಾರೆ ಬಿಡಿ. ಅಲ್ಲಿಗೆ ಪ್ರಯೋಗದ ಸ್ವಾರಸ್ಯವೇ ಹೋಯಿತು. ಇವತ್ತು ಸೂತ್ರ ಪಕ್ಕಕ್ಕಿಟ್ಟು, ಊಹೆಯಿಂದ ಶುರು ಮಾಡೋಣ.

ಗೋಡೆಯ ಮೊಳೆಗೆ ದಾರ ಕಟ್ಟಿ, ತುದಿಗೆ ಒಂದು ಕಬ್ಬಿಣದ ನಟ್ಟು ತೂಗಿಬಿಡಿ. ಮೊಳೆಯಿಂದ ನಟ್ಟಿನ ನಡುಭಾಗಕ್ಕೆ ಸರಿಯಾಗಿ ಒಂದು ಮೀಟರ್ ಇರಲಿ. ಸ್ವಲ್ಪವೇ ಪಕ್ಕಕ್ಕೆಳೆದು ಬಿಡಿ, ತಳ್ಳಬೇಡಿ. ಹೋಗಿ ವಾಪಸ್ ಬಂದರೆ ಒಂದು. ಆ ಒಂದನ್ನೇ ಅಳೆಯಲು ಹೋದರೆ, ವಾಚ್ ಒತ್ತುವ ಬೆರಳಿನ ತಡವೇ ಲೆಕ್ಕ ಕೆಡಿಸುತ್ತದೆ. 20 ಎಣಿಸಿ ಭಾಗಿಸಿದರೆ ಆ ತಪ್ಪೂ 20 ಪಾಲಾಗುತ್ತದೆ. ಇಪ್ಪತ್ತಕ್ಕೆ ಸುಮಾರು 40 ಸೆಕೆಂಡ್ ಬರುತ್ತದೆ.

ಈಗ ದಾರ ಅರ್ಧ ಮಾಡೋಣ. ಎಷ್ಟು ಬರಬಹುದು? ಅಳೆಯುವ ಮೊದಲೇ ಬರೆದಿಡಿ. 20 ಅಂತ ಬರೆದಿರಿ, ಅಲ್ವಾ? ಅಳೆದರೆ 28ರ ಆಸುಪಾಸು. ಊಹೆ ಬಿದ್ದುಹೋಯಿತು! ಇನ್ನೂ ಅರ್ಧ ಮಾಡಿ, 25 ಸೆಂಟಿಮೀಟರ್. ಈಗ ಬಂತು 20. ಅಂದರೆ ಉದ್ದ ಕಾಲು ಭಾಗವಾದಾಗ ಸಮಯ ಅರ್ಧ. ಪುಸ್ತಕದ ವರ್ಗಮೂಲ ಚಿಹ್ನೆ ಹೇಳುವುದು ಇದನ್ನೇ.

ಇನ್ನು ತೂಕ. ದೊಡ್ಡ ನಟ್ಟು ಕಟ್ಟಿದರೆ ಅದರ ನಡುಭಾಗ ಕೆಳಗಿಳಿದು, ಉದ್ದವೂ ಬದಲಾಗಿಬಿಡುತ್ತದೆ. ಎರಡೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಅಂತ ಹೇಳುವುದು ಹೇಗೆ? ದಾರ ಸರಿಮಾಡಿ ಮತ್ತೆ ಒಂದು ಮೀಟರ್‌ಗೆ ತನ್ನಿ. ಅದೇ 40.

ಎಷ್ಟು ದೂರ ಎಳೆದು ಬಿಟ್ಟರೂ ಸಮಯ ಒಂದೇ ಅಂತ ಗೆಲಿಲಿಯೋ 1602ರ ಪತ್ರವೊಂದರಲ್ಲಿ ವಾದಿಸಿದ್ದ. 60 ಡಿಗ್ರಿ ಎಳೆದು ನೋಡಿ, ಇಪ್ಪತ್ತಕ್ಕೆ ಒಂದೆರಡು ಸೆಕೆಂಡ್ ಜಾಸ್ತಿಯೇ ಬರುತ್ತದೆ. ಗೆಲಿಲಿಯೋ ಮಾತಾದರೂ ಅಳೆದೇ ನಂಬಬೇಕು.

ಹೊಂದದ ರೀಡಿಂಗ್ ಸಿಕ್ಕಾಗ ಏನು ಮಾಡಬೇಕು? 1672ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ರೀಶೇ, ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದ. ಪ್ಯಾರಿಸ್‌ನಲ್ಲಿ ಸರಿ ಇರಬೇಕಾದ ಉದ್ದದ ಲೋಲಕವಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಗಡಿಯಾರ ಕೆಟ್ಟಿದೆ ಅಂತ ಸುಮ್ನೆ ಬಿಡಬಹುದಿತ್ತು. ಅವನು ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದ. ಸಮಭಾಜಕದ ಹತ್ತಿರ ಗುರುತ್ವ ಕೊಂಚ ಕಡಿಮೆ, ಅದಕ್ಕೇ ಲೋಲಕ ನಿಧಾನ. 1687ರಲ್ಲಿ ನ್ಯೂಟನ್, ಭೂಮಿ ನಡುವಿನಲ್ಲಿ ಉಬ್ಬಿದೆ ಎಂದು ವಾದಿಸುವಾಗ ಈ ಅಳತೆಯನ್ನೂ ಮುಂದಿಟ್ಟ.